ಹೊಸ ಚೀಲ, ಹಸಿ ಪಾಲಿಶ್

"ಕಣ್ಣು ಮುಚ್ಕೊಂಡು ಸವರಿ ನೋಡಿ ಸಾರ್. ಕಣ್ಣು ಬಿಟ್ಟರೆ ಮೋಸ ಹೋಗ್ತೀರಿ," ಎಂದ ಒಂಬತ್ತೂವರೆ.

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿದರು. ಎಂಟು ಜನ ಕೂರುವ ಊಟದ ಮೇಜಿನ ಹಲಗೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಎಳೆದರು. ನೋಡಲು ನಿಂತ ನೀರಿನಂತಿದ್ದ ಪಾಲಿಶ್ ಮುಟ್ಟಿದರೆ ನುಣುಪಾಗಿರಲಿಲ್ಲ. ಉದ್ದಕ್ಕೂ ಸಣ್ಣ ಸಣ್ಣ ಕಾಳು, ಚಳಿಗೆ ಮೈಮೇಲೆ ಮುಳ್ಳೆದ್ದ ಹಾಗೆ.

"ಏನಿದು?"

"ಧೂಳು. ಪಾಲಿಶ್ ಹಸಿಯಾಗಿದ್ದಾಗ ಬಂದು ಕೂತಿದೆ. ಈಗ ಒಳಗೇ ಸೇರ್ಕೊಂಡಿದೆ. ಉಪ್ಪುಕಾಗದ ಹಿಡಿದು ಪೂರ್ತಿ ಉಜ್ಜಿ ಮತ್ತೆ ಮೊದಲಿಂದ ಮಾಡಬೇಕು."

ಗರಗಸದ ಮಷೀನಿಗೆ ಅರ್ಧ ಬೆರಳು ಕೊಟ್ಟ ದಿನದಿಂದ ಈ ಮರ ಕೊಯ್ಯುವವನಿಗೆ ಒಂಬತ್ತೂವರೆ ಎಂದೇ ಹೆಸರು. ಹೊಸ ಗಿರಾಕಿಗಳಿಗೆ ಅವನೇ ಕೈ ಎತ್ತಿ ತೋರಿಸಿ ಹಾಗೆಂದು ಪರಿಚಯ ಮಾಡಿಕೊಳ್ಳುತ್ತಿದ್ದ. ನಾಲ್ಕು ದಿನದ ಹಿಂದೆ, ಸಂಜೆ ಆರು ಗಂಟೆಗೆ, ಈ ಮರಗೆಲಸದ ವರ್ಕ್‌ಶಾಪಿನ ಧೂಳು ಹೀರುವ ಮಷೀನಿನ ಬುಡದಲ್ಲಿ ತಲೆ ಒಡೆದು ಸತ್ತುಬಿದ್ದಿದ್ದ ದೊಡ್ಡ ಮೇಸ್ತ್ರಿಯನ್ನು ಮೊದಲು ಕಂಡವನು ಅವನು. ಅದೇ ಸಂಜೆ ಪಾಲಿಶ್ ಕೆಲಸದವನನ್ನು ಹಿಡಿದು ಲಾಕಪ್ಪಿಗೆ ಹಾಕಿದವರು ಇನ್ಸ್‌ಪೆಕ್ಟರ್.

ಹಾಕಿದ್ದಕ್ಕೆ ಕಾರಣವಿತ್ತು. ಅಂದು ಮಧ್ಯಾಹ್ನ ಮೇಸ್ತ್ರಿಗೂ ಅವನಿಗೂ ಆ ಮಷೀನಿನ ಧೂಳು ತುಂಬುವ ಚೀಲದ ವಿಷಯಕ್ಕೆ ಜಗಳವಾಗಿತ್ತು. "ಒಂದು ದಿನ ಈ ಹರಕು ಚೀಲದೊಳಗೇ ನಿನ್ನ ಹಾಕಿ ಬಾಯಿ ಕಟ್ತೀನಿ" ಎಂದು ಪಾಲಿಶ್‌ನವನು ಕೂಗಿದ್ದು ಬೀದಿಯ ಆಚೆ ಬದಿಯವರೆಗೂ ಕೇಳಿಸಿತ್ತು.

ಇನ್ಸ್‌ಪೆಕ್ಟರ್ ಹೆಚ್ಚು ಮಾತಿನವರಲ್ಲ. ಠಾಣೆಯಲ್ಲಿ ಬೆನ್ನ ಹಿಂದೆ ಅವರಿಗೆ ಕಿವಿ ಸಾಹೇಬರು ಎಂಬ ಹೆಸರಿತ್ತು. ಎದುರಿನವರು ಮಾತು ನಿಲ್ಲಿಸಿದ ಮೇಲೂ ಅವರು ಕೇಳುತ್ತಲೇ ಕೂರುತ್ತಿದ್ದರು. ಆ ಸುಮ್ಮನಿರುವಿಕೆ ತಡೆಯಲಾರದೆ ಎಷ್ಟೋ ಜನ ಹೇಳಬಾರದೆಂದುಕೊಂಡಿದ್ದನ್ನೂ ಹೇಳಿಬಿಟ್ಟಿದ್ದರು. ಪಾಲಿಶ್‌ನವನ ಎದುರು ಮಾತ್ರ ಆ ವಿದ್ಯೆ ನಡೆಯಲಿಲ್ಲ. ಮೂರು ದಿನ ತಗ್ಗಿದ ದನಿಯಲ್ಲಿ ಕೇಳಿದರು. ಅವನು ಇವರ ಬಾಯಿಯನ್ನೇ ನೋಡುತ್ತ ಕೂತಿದ್ದ. ಉತ್ತರವಿಲ್ಲದವನ ಮೌನ ಎಂದು ಅವರು ಕಾಗದದಲ್ಲಿ ಬರೆದರು.

ಈ ಬೆಳಿಗ್ಗೆ ಠಾಣೆಯ ಬೆಂಚಿನಿಂದ ಅವನ ತಾಯಿ ಎದ್ದು ಬಂದಿದ್ದರು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ.

"ನನ್ನ ಮಗನಿಗೆ ಎಡಗಿವಿ ಕೇಳ್ಸಲ್ಲ ಸಾರ್. ಬಲಗಿವಿ ಅರ್ಧಂಬರ್ಧ. ಅದಕ್ಕೇ ಅವನು ಮಾತಾಡಿದ್ರೆ ಕಿರುಚಿದಂಗಿರುತ್ತೆ. ನೀವು ಸ್ವಲ್ಪ ಜೋರಾಗಿ ಕೇಳಿ. ಹೇಳ್ತಾನೆ."

ಇನ್ಸ್‌ಪೆಕ್ಟರ್ ಒಳಗೆ ಹೋಗಿ ಅವನ ಬಲಗಡೆ ಕೂತು ಜೋರಾಗಿ ಕೇಳಿದರು. ಹೇಳಿದ. ಮೂರು ದಿನದ ಪ್ರಶ್ನೆಗಳಿಗೆ ಹತ್ತು ನಿಮಿಷದಲ್ಲಿ ಉತ್ತರ ಹೇಳಿದ. ನಾಲ್ಕು ಗಂಟೆಗೆ ಕೊನೇ ಕೈ ಪಾಲಿಶ್ ಹೊಡೆದು ಮುಗಿಸಿದೆ. ಕೈ ತೊಳೆದು ಹೊರಟೆ. ಮೇಸ್ತ್ರಿ ಆಗ ಮಷೀನಿನ ಹತ್ತಿರ ನಿಂತಿದ್ದರು. ನಾಲ್ಕೂಕಾಲಿಗೆ ಔಷಧದ ಅಂಗಡಿಯಲ್ಲಿ ಅಮ್ಮನ ಮಾತ್ರೆ ತೆಗೆದುಕೊಂಡೆ. ಆಮೇಲೆ ಅವನೇ ಒಂದು ಪ್ರಶ್ನೆ ಕೇಳಿದ.

"ಮೇಜು ಹೇಗೆ ಬಂದಿದೆ ಸಾರ್? ಯಾರಾದ್ರೂ ಸವರಿ ನೋಡಿದ್ರಾ?"

ಇನ್ಸ್‌ಪೆಕ್ಟರ್ ಎದ್ದು ನಿಂತರು. ನಾಳೆ ಹನ್ನೊಂದು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ಇಷ್ಟು ದಿನ ಬರೆಯದೆ ಇಟ್ಟಿದ್ದ ಬಂಧನದ ಕಾಗದ ಈಗ ಸಿದ್ಧವಾಗಿತ್ತು, ಸಹಿ ಒಂದು ಬಾಕಿ. ಆ ಸಹಿಯನ್ನು ಹಾಗೇ ಬಿಟ್ಟು ಅವರು ನೇರ ಇಲ್ಲಿಗೆ ಬಂದಿದ್ದರು.

"ಈ ಧೂಳು ಅವನು ಪಾಲಿಶ್ ಹೊಡೆಯೋವಾಗಲೇ ಬಿದ್ದಿರಬಹುದಲ್ಲ?" ಎಂದರು.

"ಅವನಾ? ಸಾಧ್ಯವೇ ಇಲ್ಲ. ಸೊಳ್ಳೆ ಕೂತ್ರೂ ಎಬ್ಬಿಸಿ ಕಾಲಿನ ಗುರುತು ಅಳಿಸೋ ಜನ ಅದು. ಒಂದೇ ಒಂದು ಕಾಳು ಕಂಡ್ರೂ ಮನೆಗೆ ಹೋಗ್ತಿರಲಿಲ್ಲ."

"ಮತ್ತೆ ಆ ಚೀಲದ್ದೇ ಜಗಳ ಅಂತ ಬೀದಿಯವರು ಅಂದ್ರಲ್ಲ. ಹರಿದಿತ್ತು, ಧೂಳು ಬರ್ತಿತ್ತು ಅಂತ."

"ಹರಿದಿದ್ದು ಹಳೇ ಚೀಲ ಸಾರ್. ಅದರ ತೂತಿಂದ ಬರೋದು ಹೊಟ್ಟು. ದಪ್ಪ, ಊದಿದ್ರೆ ಹಾರಿಹೋಗುತ್ತೆ. ಇದು ನೋಡಿ." ಅವನು ಉಳಿದ ಅರ್ಧ ಬೆರಳಿನಿಂದ ಹಲಗೆಯನ್ನು ತಟ್ಟಿದ. "ಇದು ಹಿಟ್ಟು. ಹಿಟ್ಟು ಬರೋದು ಹೊಸ ಬಟ್ಟೆಯಿಂದ."

ಇನ್ಸ್‌ಪೆಕ್ಟರ್ ಮಷೀನಿನ ಕಡೆ ತಿರುಗಿದರು. ಮೂಲೆಯಲ್ಲಿ ಮೋಟರು, ಅದರ ಕೆಳಗೆ ಭಾರದ ಕಬ್ಬಿಣದ ಪೀಠ. ಅದರ ಮೇಲೆ, ಒಂದೂವರೆ ಆಳೆತ್ತರದ ಕೊಕ್ಕೆಯಿಂದ ಇಳಿಬಿದ್ದ ಬಟ್ಟೆಯ ಚೀಲ. ನಾಲ್ಕು ದಿನದಿಂದ ಅವರು ಪೀಠದ ಅಂಚಿನ ರಕ್ತವನ್ನು ನೋಡಿದ್ದರು, ಚೀಲವನ್ನು ನೋಡಿರಲಿಲ್ಲ. ವರ್ಕ್‌ಶಾಪಿನ ಎಲ್ಲವೂ ಕಂದು ಬಣ್ಣಕ್ಕೆ ತಿರುಗಿತ್ತು. ಗೋಡೆ, ಗಡಿಯಾರ, ಒಂಬತ್ತೂವರೆಯ ಹುಬ್ಬು ಕೂಡ. ಚೀಲ ಒಂದೇ ಬೆಳ್ಳಗಿತ್ತು.

"ಇದು ಹೊಸದು," ಎಂದರು.

"ಹೊಸದೇ. ಅವತ್ತು ನಾನು ಗಿರಾಕಿ ಮನೆ ಬಾಗಿಲುಗಳನ್ನ ಗಾಡಿಗೆ ತುಂಬ್ಕೊಂಡು ಒಂದು ಗಂಟೆಗೆ ಹೊರಡೋವಾಗ ಹಳೇದಿತ್ತು. ತೇಪೆ ಮೇಲೆ ತೇಪೆ."

"ನಾಲ್ಕು ದಿನದಿಂದ ಯಾಕಪ್ಪ ಹೇಳ್ಲಿಲ್ಲ?"

"ಮೇಸ್ತ್ರಿ ಅಲ್ಲಿ ಬಿದ್ದಿದ್ರು ಸಾರ್. ನಾನು ಚೀಲ ನೋಡ್ಲಾ?" ಅವನು ತಲೆ ತಗ್ಗಿಸಿದ. "ನಿನ್ನೆ ಕಸ ಗುಡಿಸೋವಾಗ ಕಾಣ್ತು. ಮೇಸ್ತ್ರಿನೇ ಹಾಕಿರ್ತಾರೆ ಅಂತ ಸುಮ್ನಾದೆ. ಈಗ ಮೇಜು ಸವರಿದ್ಮೇಲೆ ಗೊತ್ತಾಗ್ತಿದೆ, ಅವರಲ್ಲ."

"ಅದ್ಹೇಗೆ?"

ಒಂಬತ್ತೂವರೆ ಒಂದು ಮರದ ತುಂಡಿನ ಮೇಲೆ ಕೂತ. ಹೊಸ ಚೀಲ ನೋಡೋಕೆ ಚಂದ, ಕೆಲಸಕ್ಕೆ ಕೆಟ್ಟದ್ದು ಎಂದ. ಬಟ್ಟೆಯ ಎಳೆ ಎಳೆಯ ನಡುವೆ ಸಂದಿ ಇರುತ್ತದೆ. ಗಾಳಿಯ ಜೊತೆ ಹಿಟ್ಟಿನಂಥ ಧೂಳೂ ಆಚೆ ಬರುತ್ತದೆ. ಮೂರು ನಾಲ್ಕು ದಿನ ಓಡಿದ ಮೇಲೆ ಒಳಮೈಗೆ ಧೂಳಿನ ಒಂದು ಪದರ ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಧೂಳೇ ಧೂಳನ್ನು ತಡೆಯುತ್ತದೆ. ಚೀಲ ಪಳಗುವುದು ಎಂದರೆ ಅದು. ಅದಕ್ಕೇ ಮೇಸ್ತ್ರಿ ಚೀಲವನ್ನು ತೊಳೆಯಲು ಬಿಡುತ್ತಿರಲಿಲ್ಲ, ಹರಿದರೆ ತೇಪೆ ಹಾಕಿಸುತ್ತಿದ್ದರೇ ಹೊರತು ಬದಲಾಯಿಸುತ್ತಿರಲಿಲ್ಲ. ಬದಲಾಯಿಸಲೇಬೇಕಾದರೆ ಪಾಲಿಶ್ ಕೆಲಸ ಒಂದೂ ಇಲ್ಲದ ವಾರ ನೋಡಿ ಬದಲಾಯಿಸುತ್ತಿದ್ದರು.

"ಹಸಿ ಮೇಜು ಪಕ್ಕದಲ್ಲಿಟ್ಕೊಂಡು ಹೊಸ ಚೀಲ ಹಾಕಿ ಮಷೀನು ಓಡಿಸೋದಾ? ಮೇಸ್ತ್ರಿ ನಿದ್ದೆಯಲ್ಲೂ ಮಾಡಲ್ಲ ಸಾರ್ ಅದನ್ನ. ಈ ಕೆಲಸ ಗೊತ್ತಿರೋ ಯಾರೂ ಮಾಡಲ್ಲ."

"ಪಾಲಿಶ್ ಎಷ್ಟು ಹೊತ್ತು ಹಸಿ ಇರುತ್ತೆ?"

"ಮುಕ್ಕಾಲು ಗಂಟೆ. ಆಮೇಲೆ ಧೂಳು ಬಿದ್ರೂ ಒರೆಸಿ ಹಾಕಬಹುದು."

ನಾಲ್ಕಕ್ಕೆ ಪಾಲಿಶ್ ಮುಗಿದಿದೆ. ನಾಲ್ಕೂಮುಕ್ಕಾಲರ ಒಳಗೆ ಯಾರೋ ಚೀಲ ಬದಲಾಯಿಸಿ ಮಷೀನು ಓಡಿಸಿದ್ದಾರೆ. ಆ ಹೊತ್ತಿಗೆ ಮೇಸ್ತ್ರಿ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಪಾಲಿಶ್‌ನವನಾದರೆ ತನ್ನದೇ ಮೇಜಿನ ಮೇಲೆ ತಾನೇ ಧೂಳು ಸುರಿದುಕೊಳ್ಳುವವನಲ್ಲ, ಮತ್ತು ಅವನು ಆಗ ಔಷಧದ ಅಂಗಡಿಯಲ್ಲಿದ್ದ. ಅಂಗಡಿಯವನು ಮೊದಲ ದಿನವೇ ತಾನಾಗಿ ಠಾಣೆಗೆ ಬಂದು ಹಾಗೆಂದಿದ್ದ. ಇನ್ಸ್‌ಪೆಕ್ಟರ್ ಅದನ್ನು ಸ್ನೇಹಿತನ ಮಾತು ಎಂದು ಪಕ್ಕಕ್ಕಿಟ್ಟಿದ್ದರು.

ಆ ತಾಯಿ ನಾಲ್ಕು ದಿನದಿಂದ ಕೂತಿದ್ದ ಬೆಂಚು ಅವರ ಕಣ್ಣ ಮುಂದೆ ಬಂತು. ಅದಕ್ಕೆ ಒರಗಲು ಬೆನ್ನೂ ಇರಲಿಲ್ಲ.

ಅವರು ಚೀಲದ ಕೆಳಗಿನ ಅಂಚನ್ನು ಕೈಗೆ ತೆಗೆದುಕೊಂಡರು. ದಪ್ಪ ದಾರ, ಎರಡೆರಡು ಸಾಲು. ಪ್ರತಿ ಸಾಲು ಮುಗಿಯುವಲ್ಲಿ ಹೊಲಿಗೆ ಮೂರು ಸಲ ಹಿಂದೆ ಮುಂದೆ ಓಡಿ, ಕೊನೆಗೆ ಕೈಯಲ್ಲಿ ಹಾಕಿದ ಒಂದು ಸಣ್ಣ ಅಡ್ಡಗೀಟು. ಹೊಲಿದವರು ತಾವು ಹೊಲಿದಿದ್ದನ್ನು ನಂಬುವವರಲ್ಲ ಅನಿಸಿತು. ಗೋಡೆಯ ಮೊಳೆಗೆ ಮೇಸ್ತ್ರಿಯ ಕೆಲಸದ ಮೇಲಂಗಿ ನೇತಾಡುತ್ತಿತ್ತು. ಅದರ ಜೇಬಿನ ಮೂಲೆಯಲ್ಲೂ ಅದೇ ಅಡ್ಡಗೀಟು.

"ಇದು ಯಾರ ಹೊಲಿಗೆ?"

"ತಂಗಿಯಮ್ಮನದು. ಮೇಸ್ತ್ರಿ ತಂಗಿ. ಚೀಲ, ಮೇಲಂಗಿ, ಕುರ್ಚಿ ದಿಂಬು, ಎಲ್ಲ ಅವರೇ. ಮೇಸ್ತ್ರಿ ಮೂರು ಸಲ ಫೋನ್ ಮಾಡಿದ್ರು ಅವರಿಗೆ, ಚೀಲ ಹರಿದಿದೆ, ಬೇಗ ಹೊಲಿದು ಕೊಡು ಅಂತ. ಹದಿನೈದು ದಿನ ಆದ್ರೂ ಬರ್ಲಿಲ್ಲ."

ತಾನು ಒಂದು ತಿಂಗಳಿಂದ ಅಣ್ಣನ ವರ್ಕ್‌ಶಾಪಿಗೆ ಕಾಲಿಟ್ಟಿಲ್ಲ ಎಂದು ಆಕೆ ಹೇಳಿದ್ದನ್ನು ಇನ್ಸ್‌ಪೆಕ್ಟರ್ ತಮ್ಮ ಕೈಯಾರೆ ಬರೆದುಕೊಂಡಿದ್ದರು.

"ನೀನು ಇಲ್ಲೇ ಇರು," ಎಂದರು. "ಯಾವುದನ್ನೂ ಮುಟ್ಟಬೇಡ."

"ಮುಟ್ಟೋಕೆ ಬೆರಳೆಲ್ಲಿದೆ ಸಾರ್," ಎಂದು ಅವನು ನಗಲು ನೋಡಿದ. ನಗು ಬರಲಿಲ್ಲ.

*

ಎರಡು ಬೀದಿ ಆಚೆ, ಮೆಟ್ಟಿಲು ಹತ್ತಿದರೆ ಒಂದೇ ಕೋಣೆ. ಕಿಟಕಿಗೆ ಒತ್ತಿಕೊಂಡಂತೆ ಹೊಲಿಗೆ ಮಷೀನು, ಬೆಳಕು ಸರಿಯಾಗಿ ಸೂಜಿಯ ಮೇಲೆ ಬೀಳುವ ಹಾಗೆ. ಆಕೆ ಯಾರದೋ ಕುರ್ಚಿಯ ದಿಂಬಿಗೆ ಹೊದಿಕೆ ಹೊಲಿಯುತ್ತಿದ್ದರು. ಐವತ್ತು ದಾಟಿದ ಹೆಂಗಸು. ಇನ್ಸ್‌ಪೆಕ್ಟರನ್ನು ಕಂಡು ಎದ್ದರು, ಮಷೀನಿನ ಚಕ್ರದ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ.

"ಕೂತ್ಕೊಳ್ಳಿ ತಾಯಿ. ಹೊಲೀತಾನೇ ಮಾತಾಡಿ. ನನಗೇನೂ ಅವಸರ ಇಲ್ಲ."

ಆಕೆ ಕೂತರು. ಚಕ್ರ ತಿರುಗಲಿಲ್ಲ.

"ನಿಮ್ಮ ಹೊಲಿಗೆ ಬಹಳ ಗಟ್ಟಿ," ಎಂದರು ಇನ್ಸ್‌ಪೆಕ್ಟರ್. "ಕೊನೆಯಲ್ಲಿ ಮೂರು ಸಲ ಹಿಂದೆ ಮುಂದೆ. ಆಮೇಲೆ ಕೈಯಲ್ಲಿ ಒಂದು ಅಡ್ಡಗೀಟು."

"ಅಮ್ಮ ಕಲಿಸಿದ್ದು." ದನಿ ಸರಿಯಾಗಿಯೇ ಇತ್ತು. "ಬಿಚ್ಚಿಕೊಳ್ಳಬಾರದು ಅಂತ."

"ಹೊಸ ಚೀಲದಲ್ಲೂ ಅದೇ ಇದೆ."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಗಂಟೆ ದೂರವಾಗಿ ಕೇಳಿಸದಾಗುವವರೆಗೂ ಆಕೆ ಕಿಟಕಿ ನೋಡುತ್ತಿದ್ದರು.

"ಒಂದು ತಿಂಗಳಿಂದ ಹೋಗಿಲ್ಲ ಅಂದಿದ್ರಿ."

"ಅಂದಿದ್ದೆ."

"ಹೋಗಿದ್ರಿ."

ಇನ್ಸ್‌ಪೆಕ್ಟರ್ ಮುಂದೆ ಏನೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ಅಜ್ಜನ ಮೊಣಕಾಲಿಗೆ ಒರಗಿ ಪದ್ಯ ಓದುವುದನ್ನು ಕೇಳಿ ಬೆಳೆದವರು ಅವರು. ಓದುವವರು ಸಾಲಿನ ನಡುವೆ ಉಸಿರಿಗೆ ನಿಂತಾಗ ಮಧ್ಯೆ ಬಾಯಿ ಹಾಕಬಾರದು, ಮಿಕ್ಕ ಅರ್ಧ ತಾನೇ ಬರುತ್ತದೆ ಎಂಬುದು ಅವರಿಗೆ ಯಾವ ತರಬೇತಿಗಿಂತ ಮೊದಲೇ ಗೊತ್ತಿತ್ತು.

ಆಕೆ ಎದ್ದು ಬೀರು ತೆಗೆದರು. ಕೆಳಗಿನ ಅರೆಯಿಂದ, ಮಡಿಸಿದ ಹೊದಿಕೆಗಳ ಹಿಂದಿನಿಂದ, ಒಂದು ಗಂಟು ಎಳೆದು ನೆಲದ ಮೇಲಿಟ್ಟು ಬಿಚ್ಚಿದರು. ಮರದ ವಾಸನೆ ಕೋಣೆಯ ತುಂಬ ಎದ್ದಿತು. ಹಳೆಯ ಚೀಲ. ಎಣ್ಣೆ ಕುಡಿದ ಚರ್ಮದ ಹಾಗೆ ಕಪ್ಪಾಗಿತ್ತು. ಎಂಟೊಂಬತ್ತು ತೇಪೆ, ಎಲ್ಲವೂ ಆಕೆಯದೇ. ಮೇಲ್ಭಾಗದಲ್ಲಿ ಒಂದು ಗೇಣುದ್ದದ ಹರಕು. ಆ ಹರಕನ್ನು ಒಂದೆಡೆ ಹಿಡಿದು, ಜುಟ್ಟು ಕಟ್ಟಿದ ಹಾಗೆ, ಸೆಣಬಿನ ದಾರದಿಂದ ಸುತ್ತಿ ಸುತ್ತಿ ಬಿಗಿದಿತ್ತು.

"ಇದು ಅಣ್ಣನ ಗಂಟು," ಎಂದರು. "ಬಿಚ್ಚೋಕೆ ಕೈ ಬರ್ಲಿಲ್ಲ."

"ಹೇಳಿ."

"ಫೋನಿನಲ್ಲಿ ಅಂದ. 'ನೀನು ಬರೋ ಹೊತ್ತಿಗೆ ನಾನೇ ದಾರ ಸುತ್ತಿ ಕಟ್ಕೋತೀನಿ ಬಿಡೆ. ನಿನ್ನ ಹೊಲಿಗೆಗಿಂತ ಅದೇ ವಾಸಿ.' ತಮಾಷೆಗೇ ಅಂದಿದ್ದು. ಅವನು ಚಿಕ್ಕಂದಿನಿಂದ ಹಂಗೇ. ಯಾರೋ ಗಿರಾಕಿ ಪಕ್ಕದಲ್ಲಿ ನಕ್ಕಿದ್ದು ಕೇಳಿಸ್ತು ನಂಗೆ. ಸಿಟ್ಟು ಬಂತು. ಬಟ್ಟೆ ಕತ್ತರಿಸಿ ಇಟ್ಟಿದ್ದೆ, ಇನ್ನೇನು ಹೊಲಿಯೋದಷ್ಟೇ. ಬಿದ್ದಿರಲಿ, ಅವನೇ ಬಂದು ಕೇಳಲಿ ಅಂತ ಬಿಟ್ಟೆ. ಹತ್ತು ದಿನ ಹಂಗೇ ಬಿಟ್ಟೆ ಸಾರ್. ಎರಡು ಗಂಟೆ ಕೆಲಸ."

"ಆಮೇಲೆ?"

"ಅವತ್ತು ಮನಸ್ಸು ತಡೀಲಿಲ್ಲ. ಬೆಳಿಗ್ಗೆ ಕೂತು ಹೊಲಿದೆ. ನಾಲ್ಕೂವರೆಗೆ ಹೋದೆ. ಬಾಗಿಲು ತೆಗೆದೇ ಇತ್ತು. 'ತಗೋ ನಿನ್ನ ಚೀಲ, ಈಗ ಆ ದಾರ ನಿನ್ನ ಕುತ್ತಿಗೆಗೆ ಸುತ್ಕೋ' ಅಂತ ಅಂದ್ಕೊಂಡೇ ಒಳಗೆ ಹೋದೆ."

ಆಕೆ ಗಂಟನ್ನು ಬೆರಳಿನಿಂದ ಸವರಿದರು. ಇನ್ಸ್‌ಪೆಕ್ಟರ್ ಕಾದರು.

"ಬಿದ್ದಿದ್ದ. ಮಷೀನು ಕೆಳಗೆ. ಅವನ ಕನ್ನಡಕ ತೆಗೆದು ಗಾಜು ಮೂಗಿನ ಹತ್ರ ಹಿಡಿದೆ. ಹಬೆ ಕಟ್ಟಲಿಲ್ಲ. ಇನ್ನೊಂದು ಗಾಜು ಹಿಡಿದೆ. ತಲೆ ಎತ್ತಿ ನೋಡಿದ್ರೆ ಮೇಲೆ ಈ ಗಂಟು ಕಾಣಿಸ್ತು. ನಂಗೆ ಎಲ್ಲ ಗೊತ್ತಾಗೋಯ್ತು. ಹರಿದಿದ್ದನ್ನ ಕಟ್ಟೋಕೆ ಹತ್ತಿದಾನೆ, ಜಾರಿ ಕಬ್ಬಿಣದ ಮೇಲೆ ಬಿದ್ದಿದಾನೆ. ನಾನು ಹೊಲಿದು ಕೊಟ್ಟಿದ್ರೆ ಯಾಕೆ ಹತ್ತುತಿದ್ದ?"

"ಅದಕ್ಕೆ ಚೀಲ ಬದಲಾಯಿಸಿದ್ರಿ."

"ಆ ಗಂಟು ನೋಡಿದೋರೆಲ್ಲ ಕೇಳ್ತಾರಲ್ಲ, ಇದನ್ನ ಯಾಕೆ ಹೊಲೀಲಿಲ್ಲ ಅಂತ. ಅತ್ತಿಗೆ ಇದ್ದಿದ್ರೆ ಅತ್ತಿಗೆ ಕೇಳ್ತಿದ್ರು. ಈಗ ಮಕ್ಕಳು ಕೇಳ್ತಾರೆ, ಅತ್ತೆ, ಅಪ್ಪ ಮೂರು ಸಲ ಫೋನ್ ಮಾಡಿದ್ರಲ್ಲ ಅಂತ. ಹಳೇದು ಇಳಿಸಿದೆ, ಹೊಸದು ತೂಗುಹಾಕಿದೆ, ಪಟ್ಟಿ ಬಿಗಿದೆ. ಅಣ್ಣ ಅಲ್ಲೇ ಬಿದ್ದಿದ್ದ. ಅವನನ್ನ ದಾಟಿ ದಾಟಿ ಓಡಾಡಿದೆ."

"ಮಷೀನು ಯಾಕೆ ಹಾಕಿದ್ರಿ?"

ಆಕೆ ತಮ್ಮ ಬಲಗೈಯನ್ನು ಬೇರೆಯವರದೆಂಬಂತೆ ನೋಡಿದರು.

"ಹೊಸ ಹೊಲಿಗೆ ಸೋರುತ್ತಾ ಅಂತ ಒಂದ್ಸಲ ಓಡಿಸಿ ನೋಡ್ಬೇಕು. ಅವನೇ ಹೇಳ್ಕೊಟ್ಟಿದ್ದು, ಪ್ರತಿ ಸಲ ನನ್ನ ಮುಂದೆ ಓಡಿಸಿ ತೋರಿಸ್ತಿದ್ದ. ಕೈ ತಾನಾಗೇ ಹೋಯ್ತು. ಚೀಲ ಉಬ್ಬಿತು. ಎಲ್ಲೂ ಸೋರಲಿಲ್ಲ. ಚೆನ್ನಾಗಿ ಬಂದಿದೆ ಅಂತ ಅನ್ನಿಸ್ತು ಸಾರ್. ಅಣ್ಣ ಅಲ್ಲಿ ಹಂಗೆ ಬಿದ್ದಿದ್ದಾಗ ನಂಗೆ ಹಂಗೆ ಅನ್ನಿಸ್ತು. ದೇವರು ಅದನ್ನ ಕೇಳಿಸ್ಕೊಂಡಿರ್ತಾನೆ," ಎಂದರು.

ಹಸಿ ಮೇಜು ಪಕ್ಕದಲ್ಲಿದ್ದದ್ದನ್ನು ಆಕೆ ನೋಡಿಯೇ ಇರಲಿಲ್ಲ. ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಹೊಲಿಗೆ. ಚೀಲ ಪಳಗುವ ಕಥೆ ಅಣ್ಣನದು.

"ಪಾಲಿಶ್‌ನವನನ್ನ ಹಿಡಿದದ್ದು ಗೊತ್ತಾಯ್ತಲ್ಲ ನಿಮಗೆ?"

"ಗೊತ್ತಾಯ್ತು."

"ನಾಲ್ಕು ದಿನ ಸುಮ್ಮನಿದ್ರಿ."

"ಬಿಟ್ಟುಬಿಡ್ತಾರೆ ಅಂದ್ಕೊಂಡೆ. ಏನೂ ಮಾಡದವನನ್ನ ಎಷ್ಟು ದಿನ ಅಂತ ಇಟ್ಕೋತಾರೆ, ವಿಚಾರಿಸ್ತಾರೆ, ತಿಳ್ಕೊತಾರೆ, ಬಿಡ್ತಾರೆ ಅಂತ. ಪೊಲೀಸ್ನೋರು ನೀವು. ನಿಮಗೆ ಗೊತ್ತಾಗಲ್ವಾ ಅಂದ್ಕೊಂಡೆ."

ಆಕೆ ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ಅದು ಒಳಗೆ ಇಳಿಯಿತು. ಇನ್ಸ್‌ಪೆಕ್ಟರ್ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ತಿರುವಿದರು, ಮತ್ತೆ ಮುಚ್ಚಿದರು. ಕಿವುಡನೊಬ್ಬನ ಎದುರು ಮೂರು ದಿನ ಪಿಸುಗುಟ್ಟಿ, ಅವನ ಮೌನಕ್ಕೆ ತಾವು ಬರೆದ ಅರ್ಥ ನೆನಪಾಯಿತು. ಈ ಹೆಂಗಸು ತಮ್ಮ ಎರಡು ಗಂಟೆಯ ಕೆಲಸವನ್ನು ಮುಂದೂಡಿದ್ದರು. ತಾವು ಒಂದು ಪ್ರಶ್ನೆಯನ್ನು ಜೋರಾಗಿ ಕೇಳುವುದನ್ನು ಮುಂದೂಡಿದ್ದರು. ಯಾವುದು ಹೆಚ್ಚು ಎಂದು ತೂಗಲು ಅವರಿಗೆ ಧೈರ್ಯವಾಗಲಿಲ್ಲ.

ಕಿಟಕಿಯ ಹತ್ತಿರ ಹೋಗಿ ಠಾಣೆಗೆ ಫೋನ್ ಮಾಡಿದರು. ಎತ್ತಿದವನು ಠಾಣೆಯ ರೈಟರು, ಒಂದು ಸಾಲಿನ ವಿಷಯಕ್ಕೆ ಒಂದು ಹಾಳೆ ಬರೆಯುವ ಮನುಷ್ಯ.

"ಪಾಲಿಶ್‌ನವನನ್ನ ಬಿಟ್ಟುಬಿಡು."

"ಬಿಟ್ಟುಬಿಡೋದಾ ಸಾರ್? ಬರವಣಿಗೆ?"

"ಬರವಣಿಗೆ ಆಮೇಲೆ. ನಾನು ಬಂದು ಬರೀತೀನಿ. ಈಗಲೇ ಬಿಡು. ಅವರಮ್ಮ ಅಲ್ಲೇ ಇದಾರಲ್ಲ, ಜೊತೆಗೆ ಕಳಿಸು."

"ನಾಳೆ ಹನ್ನೊಂದು ಗಂಟೆಗೆ..."

"ಅದು ಜಾರಿ ಬಿದ್ದು ಆದ ಸಾವು. ಯಾರೂ ಕೊಂದಿಲ್ಲ. ಬಿಡಪ್ಪ."

 ತಿರುಗಿ ಬಂದು ಕೂತು, ಆಕೆಯ ಹೇಳಿಕೆಯನ್ನು ಬರೆಯಲು ಶುರು ಮಾಡಿದರು. ಆಕೆ ಹೇಳುತ್ತ ಹೋದರು, ಈ ಸಲ ತಡೆಯಿಲ್ಲದೆ. ಎಷ್ಟು ಹೊತ್ತಿಗೆ ಮನೆ ಬಿಟ್ಟದ್ದು, ಚೀಲವನ್ನು ಯಾವ ಚೀಲದಲ್ಲಿ ಹಾಕಿಕೊಂಡು ಹೋದದ್ದು, ದಾರಿಯಲ್ಲಿ ಯಾರೂ ಮಾತಾಡಿಸಲಿಲ್ಲ ಎಂಬುದು. ಎರಡು ಪುಟವಾಯಿತು. ಇನ್ನು ಸಣ್ಣಪುಟ್ಟವು ಉಳಿದವು, ನ್ಯಾಯಾಧೀಶರು ಕೇಳಬಹುದಾದಂಥವು.

"ಆ ಕೊಕ್ಕೆ ಬಹಳ ಎತ್ತರದಲ್ಲಿದೆಯಲ್ಲ. ನೀವು ಹೇಗೆ ಹತ್ತಿದ್ರಿ?"

"ಏಣಿ ಇಟ್ಕೊಂಡು."

"ಏಣಿ ಎಲ್ಲಿ ಬಿದ್ದಿತ್ತು?"

"ಬಿದ್ದಿರಲಿಲ್ಲ. ಬಾಗಿಲ ಹಿಂದೆ ಗೋಡೆಗೆ ತೂಗುಹಾಕ್ತಾರಲ್ಲ, ಅಲ್ಲಿತ್ತು. ಇಳಿಸ್ಕೊಂಡೆ. ಕೆಲಸ ಆದ್ಮೇಲೆ ಅಲ್ಲೇ ಇಟ್ಟೆ."

ಪೆನ್ನು 'ಏಣಿ' ಎಂಬ ಅಕ್ಷರಗಳ ಮೇಲೆ ನಿಂತಿತು. ಇನ್ಸ್‌ಪೆಕ್ಟರ್ ತಲೆ ಎತ್ತಲಿಲ್ಲ.

"ಇನ್ನೊಂದ್ಸಲ ಹೇಳಿ ತಾಯಿ. ನೀವು ಒಳಗೆ ಹೋದಾಗ ಏಣಿ ಗೋಡೆ ಮೇಲಿತ್ತು."

"ಹೂಂ. ಯಾಕೆ ಸಾರ್?"

"ಅಲ್ಲಿ ಇನ್ನೊಂದು ಏಣಿ ಇದೆಯಾ? ಸ್ಟೂಲು?"

"ಇಲ್ಲ. ಸ್ಟೂಲು ಹಾಕಿದ್ರೆ ಅಲ್ಲಿಗೆ ಕೈ ಎಟುಕಲ್ಲ. ಅದೊಂದೇ ಏಣಿ."

"ಬಿದ್ದವರು ಏಣೀನ ಎತ್ತಿ ಗೋಡೆಗೆ ತೂಗುಹಾಕೋಕಾಗಲ್ಲ."

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಗುತ್ತ ಹೋದದ್ದು ಮುಖದಲ್ಲಿ ಕಾಣುತ್ತಿತ್ತು. ಮೊದಲು ಗೊಂದಲ. ಆಮೇಲೆ, ನಾಲ್ಕು ದಿನದಿಂದ ಬಿಗಿದಿದ್ದ ದವಡೆ ಮೆಲ್ಲಗೆ ಸಡಿಲವಾಯಿತು.

"ಅಂದ್ರೆ ಅವನು ಹತ್ತೇ ಇರ್ಲಿಲ್ಲ?"

"ಆ ಗಂಟು ಅದಕ್ಕೂ ಮೊದಲೇ ಕಟ್ಟಿದ್ದಿರಬೇಕು."

"ಅಂದ್ರೆ ನನ್ನ ಚೀಲದಿಂದ ಅಲ್ಲ."

"ಅಲ್ಲ ತಾಯಿ. ಯಾರೋ ಬೀಳಿಸಿದ್ದಾರೆ."

ಆಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಣ್ಣನನ್ನು ಯಾರೋ ಕೊಂದಿದ್ದಾರೆ ಎಂದು ಕೇಳಿದ ತಂಗಿಯ ಅಳು ಅದಾಗಿರಲಿಲ್ಲ. ಅದರಲ್ಲಿ ಹಗುರವಿತ್ತು. ಆ ಹಗುರ ತಮಗೇ ಕಂಡು ನಾಚಿಕೆಯಾಗಿ ಆಕೆ ಮತ್ತಷ್ಟು ಗಟ್ಟಿಯಾಗಿ ಮುಖ ಮುಚ್ಚಿಕೊಂಡರು.

ಇನ್ಸ್‌ಪೆಕ್ಟರಿಗೆ ಲೆಕ್ಕ ತಲೆಕೆಳಗಾಗಿತ್ತು. ಮೇಜಿನ ಧೂಳು ಹೇಳಿದ್ದು ನಾಲ್ಕೂವರೆಯ ಕಥೆ. ಅದು ಈ ಹೆಂಗಸಿನ ಕಥೆ. ಸಾವು ಅದಕ್ಕಿಂತ ಮುಂಚಿನದು. ನಾಲ್ಕಕ್ಕೆ ಮೇಸ್ತ್ರಿ ನಿಂತಿದ್ದರು ಎಂದು ಹೇಳಿದವನು ಒಬ್ಬನೇ, ಮತ್ತು ಅವನ ಮಾತನ್ನು ಈ ಬೆಳಿಗ್ಗೆ ತಾವು ಪೂರ್ತಿ ನಂಬಿದ್ದರು. ಮೂರು ದಿನ ನಂಬದೇ ಇದ್ದುದಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡವರ ಹಾಗೆ.

ಇನ್ನೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಾಲ್ಕೂಹತ್ತರಿಂದ ನಾಲ್ಕೂವರೆಯ ನಡುವೆ ಯಾರು ಬೇಕಾದರೂ ಬಂದು ಹೋಗಿರಬಹುದು.

"ಆ ಏಣಿ ಮುಟ್ಟಿದಾಗ ಏನಾದ್ರೂ ಅನ್ನಿಸ್ತಾ?" ಎಂದು ಕೇಳಿದರು. ಏನೂ ಇಲ್ಲ ಎಂಬ ಉತ್ತರ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡದ್ದು ಅವರಿಗೆ ತಿಳಿಯಿತು. ಇಪ್ಪತ್ತು ವರ್ಷದ ಕೆಲಸದಲ್ಲಿ ಹಾಗೆ ಬೇಡಿಕೊಂಡು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆಕೆ ಮುಖದಿಂದ ಕೈ ತೆಗೆದರು.

"ಅಂಟು," ಎಂದರು. "ಎರಡೂ ಕಡೆ ಕೋಲು ಅಂಟಂಟು. ನಾವು ಎತ್ತೋವಾಗ ಹಿಡೀತೀವಲ್ಲ, ಸರಿಯಾಗಿ ಅಲ್ಲೇ. ಹೊಸ ಚೀಲಕ್ಕೆ ಕಲೆ ಆಗುತ್ತೆ ಅಂತ ಮೈಮೇಲಿನ ಬಟ್ಟೆಗೆ ಒರೆಸ್ಕೊಂಡೆ. ಎರಡು ಸಲ ಒಗೆದಿದೀನಿ, ಹೋಗಿಲ್ಲ."

"ಏನದು? ಗೋಂದಾ?"

"ಗೋಂದು ನಂಗೆ ಗೊತ್ತಾಗಲ್ವಾ ಸಾರ್, ಬಡಗಿ ಮನೆ ಮಗಳು. ಪಾಲಿಶ್ ಅದು. ಹಸಿ ಪಾಲಿಶ್."

ಕೈ ತೊಳೆದು ಹೊರಟೆ ಎಂದಿದ್ದ ಪಾಲಿಶ್‌ನವನು ಅದಕ್ಕೂ ಮೊದಲು ಏಣಿ ಎತ್ತಿದ್ದನ್ನು ಹೇಳಿರಲಿಲ್ಲ. ಪೆನ್ನು ಅಲುಗಲಿಲ್ಲ. ಆಕೆ ಪೆನ್ನನ್ನು ನೋಡಿದರು, ಇನ್ಸ್‌ಪೆಕ್ಟರ ಮುಖ ನೋಡಿದರು. ಸ್ವಲ್ಪ ಹೊತ್ತಿಗೆ ಆಕೆಗೂ ತಿಳಿಯಿತು, ತಮ್ಮ ಮೇಲಿನ ಭಾರ ಈಗ ಯಾರ ಮೇಲೆ ಹೋಗಿ ಕೂತಿದೆ ಎಂದು.

"ಅವನು ಹಂಗೆ ಮಾಡೋ ಹುಡುಗ ಅಲ್ಲ," ಎಂದರು ಸಣ್ಣ ದನಿಯಲ್ಲಿ. ಆಮೇಲೆ, "ಆದ್ರೂ ಬರ್ಕೊಳ್ಳಿ ಸಾರ್. ಮುಚ್ಚಿಟ್ಟಿದ್ದು ಸಾಕಾಗಿದೆ ನಂಗೆ."

ವರ್ಕ್‌ಶಾಪಿನಲ್ಲಿ ಆ ಏಣಿಯ ಹತ್ತಿರ ಈಗ ಒಂಬತ್ತೂವರೆ ಒಬ್ಬನೇ ಇದ್ದಾನೆ ಎಂಬುದು ಇನ್ಸ್‌ಪೆಕ್ಟರಿಗೆ ನೆನಪಾಯಿತು. ಫೋನ್ ತೆಗೆದರು. ಮೂರನೇ ಸಲ ರಿಂಗಾದಾಗ ರೈಟರು ಎತ್ತಿದ.

"ಅವನನ್ನ ಅಲ್ಲೇ ಕೂರಿಸು. ನಾನು ಬರೋವರೆಗೆ ಬಿಡಬೇಡ."

"ಈಗಲೇ ಬಿಡು ಅಂದ್ರಲ್ಲ ಸಾರ್. ಬಿಟ್ಟಾಯ್ತು. ಕಾಲು ಗಂಟೆ ಆಯ್ತು."

"ಮನೆಗೆ ಹೋದ್ರಾ?"

"ಅಮ್ಮ ಇಲ್ಲೇ ಬೆಂಚಿನ ಮೇಲೆ ಕೂತಿದಾರೆ ಸಾರ್. ಅವನೊಬ್ಬನೇ ಹೋದ."

"ಎಲ್ಲಿಗೆ?"

"ವರ್ಕ್‌ಶಾಪಿಗೆ. ಏನೋ ಉಜ್ಜೋದಿದೆ, ಅರ್ಧ ಗಂಟೆ ಕೆಲಸ ಬಾಕಿ ಇದೆ, ಮುಗಿಸ್ಕೊಂಡು ಬರ್ತೀನಿ ಅಂದ. ಅಲ್ಲಿ ಯಾರಾದ್ರೂ ಇದಾರಾ ಸಾರ್ ಈಗ?"